ಬೋರಲು ಹಾಕಿಸಿದ ಫರಸಿ

ಗೌಸಣ್ಣಾ,

ಗೋರಿಗೆ ಟಪಾಲು ಹೋಗುವುದಿಲ್ಲ, ಆ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ಇಂದು ಗದಗಿನ ನಮ್ಮ ನಾಟಕದ ಥಿಯೇಟರಿನ ಹೊಸ್ತಿಲ ಮುಂದಿನ ಹಾಸುಗಲ್ಲು, ಆ ಫರಸಿ, ಎಬ್ಬಿಸಿದೆವು. ಹದಿನೈದು ವರ್ಷದ ಹಿಂದೆ ಗೌಂಡಿಯಾಗಿದ್ದ ನೀನೇ ಬಾಗಲಕೋಟೆ ಕಡೆಯಿಂದ ಹಾಸಲು ತಂದ ಕಲ್ಲು. "ಉಳ್ಳಾಗಡ್ಡಿ ಕೊಯ್ದಂಗ ಸುತ್ತು ಅದಾವ ನೋಡ್ರಿ. ನೀರಾಗಿನ ಪಾಚಿ ಕಲ್ಲಾಗೈತಿ" ಅಂದಿದ್ದಿ. "ಎಲವೋ ಪಾಚಿಸಾಬ! ಆ ಹುಳುಕು ಕಲ್ಲನ್ನು ಬೋರಲು ಹಾಕು!" ಎಂದು ನಾನು ಗರ್ಜಿಸಿದೆ. ಅಂದಿನ ಆಟದಲ್ಲೂ ಅದೇ ಮಾತು ಸೇರಿಸಿ ಜನರನ್ನು ನಗಿಸಿದೆ. ಸಾಯುವತನಕ ಊರು ನಿನ್ನನ್ನು ಪಾಚಿಸಾಬ ಅಂತಲೇ ಕರೆಯಿತು.

ಇಂದು ಆಟ ನೋಡಲು ಬಂದಿದ್ದ ಧಾರವಾಡದ ಭೂವಿಜ್ಞಾನದ ಮಾಸ್ತರರೊಬ್ಬರು ಆ ಕಲ್ಲಿನ ಮುಂದೆ ಮೊಣಕಾಲೂರಿದರು. "ಕೋಟಿಗಟ್ಟಲೆ ವರ್ಷದ ಪಾಚಿರೀ ಇದು, ತೆಳುನೀರಿನ ಸಮುದ್ರದ್ದು! ಬೋರಲು ಹಾಕಿದ್ದಕ್ಕ ಒಂದು ಗೆರಿನೂ ಸವದಿಲ್ಲ. ಗುರುತು ಹಿಡಿದವರು ಯಾರು?"

"ನಾನ್ರೀ!" ಅಂದೆ, ಕಡೆಯ ಸಾಲಿಗೂ ಕೇಳುವಂತೆ. ಚಪ್ಪಾಳೆ ಬಿದ್ದವು.

ಗುಂಪಿನಲ್ಲಿ ನಿನ್ನ ಮಗಳು ಮೋತಿಬಿ ನಿಂತಿದ್ದಳು. "ನಮ್ಮಪ್ಪನೂ ಪಾಚಿ ಅಂತಿದ್ದ ಕಾಕಾ. ಖರೆ ಐತಿ ಅಂತ ನೀವರ ಆತಗ ಒಂದು ಮಾತು ಹೇಳಬೇಕಿತ್ತು" ಅಂದಳು.

ಮಾಸ್ತರರು ಬರೆದುಕೊಳ್ಳಲು ಹೆಸರು ಕೇಳಿದರು. ನಿನ್ನ ಹೆಸರು ನಾಲಿಗೆ ತುದಿಗೆ ಬಂದಿತ್ತು. ನನ್ನದನ್ನೇ ಹೇಳಿದೆ.

"ಕೇಳಸವಲ್ದು, ಜೋರಾಗಿ ಹೇಳ್ರಿ" ಅಂದರು.

ಜೋರಾಗಿಯೂ ಹೇಳಿದೆ, ಗೌಸಣ್ಣಾ.