‘ಇನ್ನೇನು ಬಂದೇಬಿಡ್ತು’ ಎಂದ ಅಪರಾಧದ ಕುರಿತು

ಕರಾವಳಿ ಕಾಲುದಾರಿ ನಿರ್ವಹಣಾ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ನಮ್ಮ ದ್ವೀಪದ ಕಡಲಬಂಡೆಗಳ ಮೇಲಿನ ಕಾಲುದಾರಿಯಲ್ಲಿ, ಕಲ್ಲುಮೆಟ್ಟಿಲು ಶುರುವಾಗುವ ತಿರುವಿನಲ್ಲಿ ಕಿತ್ತಳೆ ಅಂಗಿ ತೊಟ್ಟು ನಿಲ್ಲುವ ಮುದುಕ ನಾನೇ. ಪ್ರವಾಸಿಗರಿಗೆ ‘ಸುಳ್ಳು ಮಾಹಿತಿ’ ನೀಡಿದ್ದಕ್ಕಾಗಿ ಬರುವ ತಿಂಗಳಿಂದ ನನ್ನನ್ನು ಅಲ್ಲಿಂದ ತೆಗೆದು ದೋಣಿಕಟ್ಟೆಯ ಕಾರು ನಿಲ್ದಾಣಕ್ಕೆ ಹಾಕಿದ್ದೀರಿ. ತಿರುವಿನಲ್ಲಿ ಈಗಾಗಲೇ ಒಂದು ಫಲಕ ನೆಟ್ಟಿದ್ದೀರಿ. ದಾರಿಯ ತುದಿಯ ಕುದುರೆಬೆನ್ನು ಬಂಡೆಗೆ ಇನ್ನೆಷ್ಟು ದೂರ, ಎಷ್ಟು ಏರು, ಎಲ್ಲವೂ ಅದರಲ್ಲಿದೆ. ಫಲಕ ಸುಳ್ಳು ಹೇಳುವುದಿಲ್ಲ, ಊಟಕ್ಕೆ ಹೋಗುವುದಿಲ್ಲ, ಮಂಡಿನೋವೆಂದು ರಜೆ ಕೇಳುವುದಿಲ್ಲ. ಒಪ್ಪಿದೆ. ಆದರೂ, ವಿತ್ ಡ್ಯೂ ರೆಸ್ಪೆಕ್ಟ್ (ಇದರ ಮುಂದೆ ಇನ್ನೂ ಏನೋ ಬರೆಯುವುದಿತ್ತು, ಕಾಲೇಜಿನಲ್ಲಿ ಗೊತ್ತಿತ್ತು), ನನ್ನ ಕಡೆಯ ಮಾತನ್ನೂ ಊರಿಗೆ ತಿಳಿಯುವಂತೆ ಹೇಳಿಬಿಡುತ್ತೇನೆ.

ದೂರು ಕೊಟ್ಟವರು ರಾಜಧಾನಿ ಸಿಯೋಲ್‌ನಿಂದ ಹೆಂಡತಿ, ಮಗಳು, ಅತ್ತೆಯೊಡನೆ ಬಂದಿದ್ದ ಸಜ್ಜನರು. ಅವರ ಮಣಿಕಟ್ಟಿನಲ್ಲಿ ಉಸಿರು, ನಾಡಿ, ನಡಿಗೆ ಎಲ್ಲವನ್ನೂ ಅಳೆಯುವ ಗಡಿಯಾರವಿತ್ತು. “ಹಿರಿಯರೇ, ಇನ್ನೂ ಎಷ್ಟು ದೂರ?” ಎಂದರು. “ಇನ್ನೇನು ಬಂದೇಬಿಡ್ತು ಕಣಪ್ಪ, ಆ ಪೈನ್ ಮರ ದಾಟಿದ್ರೆ ಆಯ್ತು” ಎಂದೆ. ಅವರ ಅತ್ತೆ ನನ್ನ ಮುಖ ನೋಡಿ ನಕ್ಕು, “ನಮ್ಮೂರ ಬೆಟ್ಟದಲ್ಲೂ ಇಂಥದೇ ಒಂದು ಪೈನ್ ಮರ ಇದೆ, ಎಷ್ಟು ನಡೆದರೂ ಮುಗಿಯಲ್ಲ. ನಡೀರಿ ಅಳಿಯಂದಿರೇ” ಎಂದರು. ಅತ್ತೆಗೆ ಅರ್ಥವಾಯಿತು. ಅಳಿಯನ ಗಡಿಯಾರಕ್ಕೆ ಆಗಲಿಲ್ಲ.

ಮಾನ್ಯರೇ, ತಾವು ಈ ದೇಶದ ಯಾವ ಬೆಟ್ಟವನ್ನೂ ಹತ್ತಿಲ್ಲವೇ? ಇಳಿಯುವವರು ಹತ್ತುವವರಿಗೆ ‘ಇನ್ನೇನು ಬಂದೇಬಿಡ್ತು’ ಎನ್ನುತ್ತಾರೆ. ಹೇಳುವವರಿಗೆ ಸುಳ್ಳೆಂದು ಗೊತ್ತು, ಕೇಳುವವರಿಗೂ ಗೊತ್ತು. ನಾಳೆ ಅವರೇ ಇಳಿಯುವಾಗ ಮತ್ತೊಬ್ಬರಿಗೆ ಹೇಳುತ್ತಾರೆ. ‘ಊಟ ಆಯ್ತಾ’ ಎಂದು ಕೇಳಿ ಬಡಿಸದೆ ಹೋದವರ ಮೇಲೆ ಆಹಾರ ಇಲಾಖೆಗೆ ದೂರು ಹೋಗುತ್ತದೆಯೇ? ಇಂಗ್ಲಿಷಿನಲ್ಲಿ ಇಂಥ ಸುಳ್ಳಿಗೆ ಒಂದು ಬಣ್ಣ ಕಟ್ಟಿದ್ದಾರೆ. ಬಿಳಿಯೋ ಹಳದಿಯೋ, ನಮ್ಮ ಪ್ರೊಫೆಸರ್ ಹೇಳಿದ್ದರು, ನನಗೀಗ ನೆನಪಿಲ್ಲ.

ಸುಳ್ಳಿನ ಮಾತು ಬಂತಲ್ಲ, ದಾರಿಯ ಬಾಗಿಲಲ್ಲಿ ತಾವೇ ಹಾಕಿಸಿರುವ ಬೋರ್ಡಿನಲ್ಲಿ ‘ಕುಟುಂಬಸ್ನೇಹಿ, ಸುಲಭ, ಮಕ್ಕಳೂ ಹಿರಿಯರೂ ಒಂದು ದಿನದಲ್ಲಿ ಆರಾಮವಾಗಿ’ ಎಂದಿದೆ. ಚಿತ್ರದಲ್ಲಿರುವ ಅಜ್ಜಿ ಬೆವರಿಲ್ಲದೆ ನಗುತ್ತಿದ್ದಾಳೆ. ತಿರುವಿನಲ್ಲೊಂದು ಶೌಚಾಲಯ ಕೊಡಿ ಎಂದು ನಾನು ಕೇಳಿದಾಗಲೆಲ್ಲ ತಮ್ಮ ಕಚೇರಿ ‘ಶೀಘ್ರದಲ್ಲೇ’ ಎನ್ನುತ್ತದೆ. ನನ್ನ ‘ಬಂದೇಬಿಡ್ತು’ ನಂಬಿದವರು ಕಡೆಗೆ ಬಂಡೆಯನ್ನಾದರೂ ಸೇರುತ್ತಾರೆ. ತಮ್ಮ ‘ಶೀಘ್ರದಲ್ಲೇ’ ನಂಬಿದವರು ಪೊದೆಯ ಹಿಂದೆ ಹೋಗುತ್ತಾರೆ.

ನನ್ನ ಹೆಂಡತಿ ಮಲ್ಸುನ್‌ಳ ವಿಷಯ ಹೇಳಬೇಕು. ಅವಳು ಈ ದ್ವೀಪದಲ್ಲೇ ಹುಟ್ಟಿದವಳು. ಇದು ‘ಪ್ರವಾಸಿ ದಾರಿ’ ಆಗುವ ಮೊದಲು ಸೌದೆಯ ದಾರಿಯಾಗಿತ್ತು, ಬಂಡೆಸಂದಿನ ಸೊಪ್ಪು ಕೊಯ್ಯಲು ಹುಡುಗಿಯರು ಹೋಗುತ್ತಿದ್ದ ದಾರಿಯಾಗಿತ್ತು. ಕಾಯಿಲೆ ಹೆಚ್ಚಾದ ವಸಂತದಲ್ಲಿ, ಕುದುರೆಬೆನ್ನಿಗೆ ಒಮ್ಮೆ ಹೋಗಿಬರಬೇಕು ಎಂದಳು. ಸ್ವಲ್ಪ ನಡೆದರೆ ಒಳ್ಳೆಯದೆಂದು ಡಾಕ್ಟರೂ ಹೇಳಿದ್ದರು. ಸ್ವಲ್ಪ ಎಂದರೆ ಎಷ್ಟೆಂದು ನಾವು ಕೇಳಲಿಲ್ಲ. ಈ ತಿರುವಿನವರೆಗೆ ಬಂದು ಕೂತುಬಿಟ್ಟಳು. “ಸಾಕು, ಮನೆಗೆ ಹೋಗೋಣ” ಎಂದಳು. ಆಗ ಮೇಲಿನಿಂದ ಗ್ವಾಂಗ್ಜು ಕಡೆಯ ಹೆಂಗಸರ ಗುಂಪೊಂದು ಕೆಂಪು ಟೋಪಿ ಹಾಕಿಕೊಂಡು ಗದ್ದಲ ಮಾಡುತ್ತಾ ಇಳಿಯಿತು.

“ಯಾಕ್ರೀ ಅಕ್ಕ, ಇಲ್ಲಿ ಕೂತ್ರಿ? ಏಳಿ ಏಳಿ, ಇನ್ನೇನು ಬಂದೇಬಿಡ್ತು” ಎಂದು ಒಬ್ಬಾಕೆ ಅರ್ಧ ಸೌತೆಕಾಯಿ ಮುರಿದು ಕೈಗಿತ್ತಳು.

“ಹೌದಾ? ಬಂದೇಬಿಡ್ತಾ?” ಎಂದು ಮಲ್ಸುನ್ ಎದ್ದು ನಿಂತಳು.

ಅವರು ಇಳಿದುಹೋದ ಮೇಲೆ ಕೇಳಿದೆ: “ಹುಟ್ಟಿದಾಗಿನಿಂದ ನಡೆದ ದಾರಿ, ಎಷ್ಟಿದೆ ಅಂತ ನಿನಗೆ ಗೊತ್ತಿಲ್ವೇನೆ?”

“ಗೊತ್ತು. ಅಷ್ಟು ಪ್ರೀತಿಯಿಂದ ಹೇಳಿದಾರೆ, ಇನ್ನೂ ಕೂತೇ ಇದ್ರೆ ಏನಂದ್ಕೋತಾರೆ?”

ಮುಂದೆ ಸಿಕ್ಕವರೆಲ್ಲರೂ ಅದನ್ನೇ ಹೇಳಿದರು, ಅವಳು ಎಲ್ಲರಿಗೂ “ಹೌದಾ?” ಎಂದಳು. ಬಂಡೆಯ ಮೇಲೆ ಕೂತು, ಕಡಲು ನೋಡುತ್ತಾ ಸೌತೆಕಾಯಿ ತಿಂದಳು. ಆ ಶರತ್ಕಾಲದ ಸುಗ್ಗಿಗೆ, ಚೂಸೊಕ್ ಹಬ್ಬಕ್ಕೆ, ಅವಳಿರಲಿಲ್ಲ. ಕಚೇರಿ ಹಿರಿಯರಿಗೆ ಕೆಲಸ ಕೊಡುತ್ತದೆಂದು ತಿಳಿದಾಗ, ನಾನು ಆ ತಿರುವನ್ನೇ ಕೇಳಿ ಪಡೆದೆ.

ಹಾಗಂತ ನಾನು ಕಣ್ಣು ಮುಚ್ಚಿಕೊಂಡು ಹೇಳುವವನಲ್ಲ. ತುಟಿ ನೀಲಿಯಾದವರನ್ನು, ಎದೆ ಹಿಡಿದುಕೊಂಡವರನ್ನು ನಾನೇ ಕೈಹಿಡಿದು ಕೆಳಗೆ ಇಳಿಸಿದ್ದೇನೆ. ಮೊದಲು ಮುಖ ನೋಡುತ್ತೇನೆ, ಆಮೇಲೆ ಎಷ್ಟು ದೂರ ಎಂದು ಹೇಳುತ್ತೇನೆ. ತಮ್ಮ ಫಲಕ ಯಾರ ಮುಖವನ್ನೂ ನೋಡುವುದಿಲ್ಲ.

ನೋಟಿಸು ಕೊಡಲು ಬಂದ ತಮ್ಮ ಕಚೇರಿಯ ಹುಡುಗಿ, “ಅಜ್ಜಾ, ಇದ್ದದ್ದು ಇದ್ದ ಹಾಗೆ ಹೇಳಿಬಿಡಿ, ಮುಗೀತು” ಎಂದಳು. ಸರಿ ಎಂದು ಹೇಳಿ ನೋಡಿದೆ. ಮೂರು ತಲೆಮಾರಿನ ಕುಟುಂಬವೊಂದು ಬಂತು. ಎಷ್ಟು ದೂರ ಎಂದರು. “ಇಲ್ಲಿವರೆಗೆ ನಡೆದಷ್ಟೇ ಇನ್ನೂ ಇದೆ, ಬರೀ ಮೆಟ್ಟಿಲು” ಎಂದೆ. ಎಲ್ಲರೂ ಅಜ್ಜಿಯ ಕಡೆ ನೋಡಿದರು. “ನೀವು ಹೋಗ್ಬನ್ನಿ. ನಾನಿಲ್ಲಿ ಚೀಲ ನೋಡ್ಕೊಂಡಿರ್ತೀನಿ” ಎಂದರು ಅಜ್ಜಿ. ಬೇಡವೆಂದು ಯಾರೂ ಹೇಳಲಿಲ್ಲ. ದೂರ ಎಷ್ಟೆಂದು ತಿಳಿದ ಮೇಲೆ ಹೇಳುವುದಾದರೂ ಏನು?

ಫಲಕ ಬಂದ ಮೇಲೆ ಪ್ರತಿ ಭಾನುವಾರ ಇದೇ ಕತೆ. ಫಲಕದ ಪಕ್ಕದಲ್ಲಿ ತಾವು ಬೆಂಚನ್ನೂ ಹಾಕಿಸಿದ್ದೀರಿ, ಅದಕ್ಕೆ ಕೃತಜ್ಞತೆಗಳು. ಅದರ ತುಂಬ ಅಜ್ಜಿಯರು, ಅವರ ಮಡಿಲ ತುಂಬ ಚೀಲಗಳು. ಆ ಜಾಗದಿಂದ ಕಡಲು ಕಾಣುವುದಿಲ್ಲ, ಮರಗಳು ಅಡ್ಡ. ಹೋದ ವಾರ ಇಬ್ಬರು ಮಾತಾಡಿಕೊಳ್ಳುತ್ತಿದ್ದರು.

“ಮೇಲೆ ಕಡಲು ಬಹಳ ಚೆನ್ನಾಗಿ ಕಾಣುತ್ತಂತೆ.”

“ಹೌದಂತೆ. ನಮ್ಮ ಮೊಮ್ಮಗಳು ಫೋನಲ್ಲಿ ತೋರಿಸ್ತಾಳಂತೆ.”

“ನಮ್ಮವರು ತೋರಿಸೋದೂ ಇಲ್ಲ ಬಿಡಿ. ತಿನ್ನೋಕೆ ತಂದ ಬೇಯಿಸಿದ ಮೊಟ್ಟೆ ನನ್ನ ಹತ್ರ ಇದೆ, ಅದಕ್ಕಾದ್ರೂ ವಾಪಸ್ ಬರ್ತಾರೆ.”

ಕುಟುಂಬಸ್ನೇಹಿ ದಾರಿಯಲ್ಲಿ ಕುಟುಂಬವನ್ನು ಎರಡು ಭಾಗ ಮಾಡುವ ಕೆಲಸವನ್ನು ಒಂದು ಫಲಕ ಇಷ್ಟು ಅಚ್ಚುಕಟ್ಟಾಗಿ ಮಾಡೀತೆಂದು ನಾನು ಎಣಿಸಿರಲಿಲ್ಲ. ಇದು ನಿಖರ ಮಾಹಿತಿಯ ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ಸೇರಿಸಿಕೊಳ್ಳಬಹುದು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಫಲಕವನ್ನು ಕೀಳಬೇಡಿ, ಸರ್ಕಾರದ ದುಡ್ಡು ಹಾಕಿದ್ದೀರಿ. ಅದನ್ನು ತಿರುಗಿಸಿ ನೆಡಿ. ಬಂಡೆ ನೋಡಿ ಇಳಿದು ಬರುವವರು ಓದಲಿ. ತಾನೆಷ್ಟು ದೂರ ಹೋಗಿಬಂದೆ ಎಂದು ಒಬ್ಬ ಅಜ್ಜಿ ಆ ಬೆಂಚಿನ ಮೇಲೆ ಕೂತು, ಕಾಲು ನೀವಿಕೊಳ್ಳುತ್ತಾ, ಅಂಕಿಸಂಖ್ಯೆ ಸಮೇತ ತಿಳಿದುಕೊಳ್ಳಲಿ, ಮನೆಗೆ ಹೋಗಿ ಬೀದಿಗೆಲ್ಲ ಹೇಳಲಿ. ಹತ್ತುವವರ ಕಡೆಗೆ ಮಾತ್ರ ಫಲಕದ ಬೆನ್ನಿರಲಿ, ಅದರ ಮುಂದೆ ನಾನಿರುತ್ತೇನೆ.

ಇದಕ್ಕೆ ತಮ್ಮ ಉತ್ತರ ‘ಶೀಘ್ರದಲ್ಲೇ’ ಎಂದು ಬಂದರೆ, ಆ ಮಾತನ್ನು ನಾನು ಹೇಗೆ ಅರ್ಥಮಾಡಿಕೊಳ್ಳುತ್ತೇನೆಂದು ತಮಗೆ ಗೊತ್ತು. ಬರುವ ತಿಂಗಳು ಕಾರು ನಿಲ್ದಾಣಕ್ಕೇ ಹೋಗುತ್ತೇನೆ, ನೌಕರನಾದವನು ಆಜ್ಞೆ ಮೀರಬಾರದು. ಅಲ್ಲಿಯೂ ಜನ ಇನ್ನೆಷ್ಟು ದೂರ ಎಂದು ಕೇಳುತ್ತಾರೆ. ಕಾರಿನಿಂದ ಇನ್ನೂ ಒಂದು ಕಾಲು ಮಾತ್ರ ಇಳಿಸಿದವರಿಗೆ, ಇಡೀ ದಾರಿ ಮುಂದಿರುವಾಗ, ‘ಇನ್ನೇನು ಬಂದೇಬಿಡ್ತು’ ಎನ್ನಲು ನನಗೂ ಮೊದಮೊದಲು ನಾಚಿಕೆಯಾದೀತು. ರೂಢಿ ಮಾಡಿಕೊಳ್ಳುತ್ತೇನೆ.

ಇಂತಿ,
ತಿಂಗಳ ಕೊನೆಯವರೆಗೆ ತಿರುವಿನಲ್ಲಿ ಸಿಗುವ,
ತಮ್ಮ ಕಡತದ ಪ್ರಕಾರ ಸುಳ್ಳುಗಾರನಾದ
ಮಾ ದಲ್ಸು