ನನ್ನ ರಟ್ಟೆಯೂ ಹಾಸ್ಟೆಲಿನ ಮೊಟ್ಟೆಯೂ

ಹಾಸ್ಟೆಲುಗಳ ಮೇಲ್ವಿಚಾರಣಾಧಿಕಾರಿಗಳಾದ ಮಾನ್ಯರೇ,

ನಾನು ಮಕ್ಕಳ ಮೊಟ್ಟೆ ಕದ್ದಿಲ್ಲ.

ಇದನ್ನು ತಮ್ಮ ಕಚೇರಿಗೆ ಬಂದು ಮೂರು ಸಲ ಬಾಯಲ್ಲಿ ಹೇಳಿದೆ, ಒಂದು ಸಲ ಬರೆದುಕೊಟ್ಟೆ. ಬಾಯಿಮಾತಿಗೆ ದಾಖಲೆ ಬೇಕೆಂದರು, ದಾಖಲೆ ಕೊಟ್ಟರೆ ಸಮಯ ಬೇಕೆಂದರು. ನನ್ನ ಹತ್ತಿರ ಇಲ್ಲದ್ದು ಅದೊಂದೇ. ಬರುವ ಭಾನುವಾರ ದಾವಣಗೆರೆಯಲ್ಲಿ ರಾಜ್ಯಮಟ್ಟದ ಮಹಿಳಾ ದೇಹದಾರ್ಢ್ಯ ಸ್ಪರ್ಧೆ ಇದೆ. ಮೂರು ದಿನ ರಜೆ ಕೇಳಿದೆ. ಮೊಟ್ಟೆ ದುರುಪಯೋಗದ ವಿಚಾರಣೆ ಬಾಕಿ ಇರುವುದರಿಂದ ರಜೆ ಇಲ್ಲ, ಅನುಮತಿಯಿಲ್ಲದೆ ಗೈರಾದರೆ ಕೆಲಸವೂ ಇಲ್ಲ ಎಂದು ತಾವು ಬರೆದಿರಿ. ವಿಚಾರಣೆ ಯಾವತ್ತು ಎಂದು ಮಾತ್ರ ಬರೆಯಲಿಲ್ಲ. ಆದ್ದರಿಂದ ಈ ಪತ್ರ ಪತ್ರಿಕೆಗೆ ಹೋಗುತ್ತಿದೆ.

ಓದುವವರಿಗೆ ನನ್ನ ಪರಿಚಯ ಬೇಕು. ಗಂಗಾವತಿ ಸೀಮೆಯ ಒಂದು ಬಾಲಕಿಯರ ಹಾಸ್ಟೆಲಿನಲ್ಲಿ ಹನ್ನೊಂದು ವರ್ಷದಿಂದ ಹೊರಗುತ್ತಿಗೆಯ ಅಡುಗೆಯವಳು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದ ಎಂಬತ್ತಾರು ಹುಡುಗಿಯರಿಗೆ ದಿನಾ ಅನ್ನ ಬೇಯಿಸುತ್ತೇನೆ. ನಾನು ಮಾತ್ರ ಹನ್ನೊಂದು ವಾರದಿಂದ ಒಂದು ಅಗುಳೂ ಮುಟ್ಟಿಲ್ಲ. ಸ್ಪರ್ಧೆಗೆ ಮುಂಚೆ ಚರ್ಮದ ಕೆಳಗಿನ ಕೊಬ್ಬು ಕರಗಿ ಸ್ನಾಯುವಿನ ಗೆರೆ ಎದ್ದು ಕಾಣಬೇಕು, ಅದಕ್ಕೆ ಈ ಪಥ್ಯ. ಆದ್ದರಿಂದ ಈ ಪತ್ರದ ಸಿಟ್ಟಿನಲ್ಲಿ ಸ್ವಲ್ಪ ಭಾಗ ಹಸಿವಿನದು. ಅಷ್ಟನ್ನು ಕಳೆದು ಓದಿಕೊಳ್ಳಿ, ಉಳಿದದ್ದೂ ತಮಗೆ ಸಾಕಾಗುತ್ತದೆ.

ಕಳೆದ ತಿಂಗಳು ತಾವು ತಪಾಸಣೆಗೆ ಬಂದಾಗ ನಾನು ಅನ್ನದ ಕೊಪ್ಪರಿಗೆಯನ್ನು ಒಬ್ಬಳೇ ಒಲೆಯಿಂದ ಇಳಿಸುತ್ತಿದ್ದೆ. ತಾವು ನನ್ನ ತೋಳು ನೋಡಿ, "ಏನಮ್ಮಾ, ಏನು ತಿಂತೀಯ?" ಎಂದಿರಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಬ್ಬ ಅಧಿಕಾರಿ ನನ್ನನ್ನೇ ಕುರಿತು ಏನೋ ಕೇಳಿದ್ದರು. ನಾನು ಉಬ್ಬಿಹೋದೆ. "ದಿನಾ ಹನ್ನೆರಡು ಮೊಟ್ಟಿ ತಿಂತೀನ್ರಿ ಸಾಹೇಬ್ರ" ಎಂದುಬಿಟ್ಟೆ. ತಾವು ನಕ್ಕಿರಿ. ನಾಲ್ಕು ದಿನಕ್ಕೆ ನೋಟಿಸು ಬಂತು: "ಸದರಿ ಅಡುಗೆಯವರ ದೇಹಸ್ಥಿತಿಯು ಅವರ ಸಂಬಳಕ್ಕೆ ಹೊಂದಿಕೆಯಾಗುತ್ತಿಲ್ಲ."

ಎಂಥ ವಾಕ್ಯ ಮಾನ್ಯರೇ! ರಟ್ಟೆ ಬೆಳೆದವಳಿಗೆ ನೋಟಿಸು ಬರುವುದಾದರೆ ಹೊಟ್ಟೆ ಬೆಳೆದವರಿಗೆ ಏನು ಬರಬೇಕು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಿನ್ನೂ ಮುಟ್ಟಿಕೊಂಡೇ ಇಲ್ಲ, ತಾವೇ ನನ್ನ ಹೆಗಲು ನೋಡಿ ಕುಂಬಳಕಾಯಿ ಹುಡುಕಲು ಹೊರಟಿರಿ.

ನನ್ನ ಮೊಟ್ಟೆಗಳು ಎಲ್ಲಿಂದ ಬರುತ್ತವೆ ಹೇಳುತ್ತೇನೆ. ಮಾರ್ಕೆಟ್ಟಿನಲ್ಲಿ ಖಲಂದರ ಎಂಬ ಮೊಟ್ಟೆ ವ್ಯಾಪಾರಿ ಇದ್ದಾನೆ. ಲಾರಿಯಿಂದ ಇಳಿಸುವಾಗ ಸಿಪ್ಪೆ ಬಿರಿದ ಮೊಟ್ಟೆಗಳನ್ನು ಯಾರೂ ಒಯ್ಯುವುದಿಲ್ಲ. ಅವನ್ನು ನನಗೆಂದು ಬುಟ್ಟಿಯಲ್ಲಿ ಎತ್ತಿಟ್ಟು ಅರ್ಧ ದರಕ್ಕೆ ಕೊಡುತ್ತಾನೆ. ಬಿಳಿ ಭಾಗ ನನಗೆ, ಹಳದಿ ನಮ್ಮವ್ವ ಮುದಕಮ್ಮನಿಗೆ. "ಬಂಗಾರದಂಥಾದ್ದು ನನಗ ಕೊಟ್ಟು ಬಿಳೇದು ತಿಂತಿ. ಹುಚ್ಚಿ ಅದಿ ನೋಡ" ಎನ್ನುತ್ತ ತಿನ್ನುತ್ತಾಳೆ. ಹಾಸ್ಟೆಲಿನ ಮೊಟ್ಟೆಯ ಕಥೆಯೇ ಬೇರೆ. ಬುಧವಾರ, ಭಾನುವಾರ ಹುಡುಗಿಯರು ವಾರ್ಡನ್ ಎದುರಿಗೆ ಸಾಲಾಗಿ ಕೂತು ತಮ್ಮ ತಮ್ಮ ಮೊಟ್ಟೆಯ ಸಿಪ್ಪೆ ತಾವೇ ಸುಲಿಯುತ್ತಾರೆ. ಒಂದು ಕಡಿಮೆಯಾದರೆ ಒಂಬತ್ತನೆಯ ತರಗತಿಯ ಖುಷ್ಬು ಸುಮ್ಮನಿರುತ್ತಾಳೆಯೇ? ಯಲಬುರ್ಗಾ ಕಡೆಯ ಮಂಗಳೂರಿನವಳು ಅವಳು. ಸಮುದ್ರದ ಮಂಗಳೂರಲ್ಲ, ಆದರೆ ಅವಳ ಬಾಯಿಗೆ ಅಲೆಯ ಅಬ್ಬರ ಇದೆ. ಉಪ್ಪು ಬಿಟ್ಟಿರುವ ನನ್ನ ಪರವಾಗಿ ಈಗ ಸಾರಿನ ರುಚಿ ನೋಡುವವಳೂ ಅವಳೇ. "ಅಕ್ಕಾ, ಉಪ್ಪು ಕಡಿಮಿ ಆಗೇತಿ. ನಿನ್ನ ಪಥ್ಯ ನಮಗ್ಯಾಕ?" ಎಂದು ದಿನಾ ಬೈಯುತ್ತಾಳೆ. ಅವಳನ್ನು ಸಾಕ್ಷಿ ಕೇಳಿದಿರಾ?

ಇನ್ನು ಈ ದೇಹ ಎಲ್ಲಿಂದ ಬಂತು ಎಂಬ ಪ್ರಶ್ನೆ. ತಮ್ಮಿಂದಲೇ ಬಂತು. ನಾಲ್ಕು ವರ್ಷದ ಹಿಂದೆ ನಮ್ಮ ಹಾಸ್ಟೆಲಿನ ಸಹಾಯಕ ನಿವೃತ್ತನಾದ. ಅಕ್ಕಿಯ ಲಾರಿ ತಿಂಗಳಿಗೊಮ್ಮೆ ಇಪ್ಪತ್ತೆರಡು ಚೀಲಗಳನ್ನು ಗೇಟಿನಲ್ಲಿ ಇಳಿಸಿ ಹೋಗುತ್ತದೆ, ಉಗ್ರಾಣ ಮಹಡಿಯ ಮೇಲಿದೆ. ಆಳು ಕೊಡಿ ಎಂದು ಅರ್ಜಿ ಹಾಕಿದೆ. "ಹುದ್ದೆ ಖಾಲಿ ಇದೆ, ಹೊಂದಿಸಿಕೊಂಡು ಹೋಗಿ" ಎಂದು ತಮ್ಮ ಕಚೇರಿ ಉತ್ತರಿಸಿತು. ನಾನು ಹೊಂದಿಸಿಕೊಂಡೆ. ಮೊದಲ ತಿಂಗಳು ಐವತ್ತು ಕಿಲೋ ಚೀಲವನ್ನು ಮೆಟ್ಟಿಲ ಮೇಲೆ ಎಳೆದೆ, ಅತ್ತೆ. ಆರನೆಯ ತಿಂಗಳು ಹೆಗಲ ಮೇಲೆ ಹೊತ್ತು ಇಪ್ಪತ್ನಾಲ್ಕು ಮೆಟ್ಟಿಲು ಹತ್ತಿದೆ. ಆಗ ನನ್ನೊಳಗೆ ಏನೋ ಚಡಪಡಿಕೆ ಶುರುವಾಯಿತು, ಇಂದಿಗೂ ನಿಂತಿಲ್ಲ.

ಅದರ ಮೂಲವನ್ನೂ ಹೇಳಿಬಿಡುತ್ತೇನೆ. ನಮ್ಮವ್ವ ಅಕ್ಕಿ ಗಿರಣಿಯಲ್ಲಿ ಇಪ್ಪತ್ತೈದು ವರ್ಷ ಭತ್ತ ಹೊತ್ತಳು. ನಲವತ್ತೈದಕ್ಕೆ ಬೆನ್ನು ಬಾಗಿತು, ಮತ್ತೆ ನೆಟ್ಟಗಾಗಲಿಲ್ಲ. ಅವಳು ನೆಲ ನೋಡುತ್ತಲೇ ನಡೆಯುತ್ತಾಳೆ. ಅವಳಿಗೆ ನನ್ನ ಮುಖ ಕಾಣಬೇಕೆಂದರೆ ನಾನು ಕೂರಬೇಕು. ನನಗೀಗ ಮೂವತ್ತಾರು. ಅದೇ ಭಾರವನ್ನು ನಾನೂ ಹೊರುತ್ತಿದ್ದೇನೆ ಎಂದು ಗೊತ್ತಾದ ದಿನ ಹೆದರಿದೆ. ಭಾರ ತಪ್ಪಿಸಿಕೊಳ್ಳುವ ದಾರಿ ತಾವು ಇಟ್ಟಿರಲಿಲ್ಲ, ಹೊರುವುದನ್ನು ಕಲಿಯುವ ದಾರಿ ಮಾತ್ರ ಉಳಿದಿತ್ತು. ಅಸ್ಲಮ ಮಾಸ್ತರರ ಜಿಮ್ಮಿಗೆ ಹೋದೆ. ಹಳೆ ಗಿರಣಿಯ ಕಬ್ಬಿಣದ ಗಾಲಿಗಳನ್ನೇ ತೂಕವಾಗಿ ಮಾಡಿಕೊಂಡಿರುವ ಒಂದು ತಗಡಿನ ಶೆಡ್ಡು ಅದು. ಮಾಸ್ತರರು ತಲೆ ಕೆರೆದುಕೊಂಡು, "ಇಲ್ಲಿ ಹೆಣ್ಮಕ್ಕಳು ಬರೂದಿಲ್ಲವ್ವಾ. ಆದ್ರ ಬರಬ್ಯಾಡ್ರಿ ಅಂತ ಬೋರ್ಡೂ ಹಾಕಿಲ್ಲ. ಬರ್ರಿ" ಎಂದರು. ಅಂದಿನಿಂದ ಮಧ್ಯಾಹ್ನದ ಊಟಕ್ಕೂ ರಾತ್ರಿಯ ಅಡುಗೆಗೂ ನಡುವಿನ ಎರಡು ತಾಸು ಅಲ್ಲಿಯೇ. ಅವ್ವನ ಬೆನ್ನು ಮುರಿದ ಗಿರಣಿಯ ಗಾಲಿಯನ್ನೇ ನಾನು ಎತ್ತುತ್ತಿರಬಹುದು, ಯಾರಿಗೆ ಗೊತ್ತು.

ಓಣಿಯವರು "ಗಂಡಸಾಗಾಕ ಹೊಂಟಾಳ" ಎಂದು ನಕ್ಕರು. ಸ್ಪರ್ಧೆಯ ಉಡುಪು ನೋಡಿ ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಕರೆದು ಹಿಂದೆ ತಿರುಗು ಎಂದಳು. ಬೆನ್ನ ಮೇಲೆ ಕೈಯಾಡಿಸಿ, "ಗ್ವಾಡಿ ಇದ್ದಂಗ ಐತಿ. ಬಾಗಿಸಬ್ಯಾಡ" ಎಂದಳು. ನಾನು ವೇದಿಕೆ ಹತ್ತುವುದು ಪದಕಕ್ಕೆ ಎಂದು ತಾವು ತಿಳಿದಿದ್ದರೆ ತಪ್ಪು. ಬಾಗದ ಒಂದು ಬೆನ್ನು ನಮ್ಮ ಮನೆಯಲ್ಲೂ ಇದೆ ಎಂದು ನಾಲ್ಕು ಜನ ಅದನ್ನೇ ದಿಟ್ಟಿಸಿ ನೋಡಬೇಕು, ಅವ್ವ ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ನೋಡಬೇಕು. ನನಗೆ ಅಷ್ಟು ಬೇಕು, ಬಹಳ ಬೇಕು.

ಆದ್ದರಿಂದ ನನ್ನ ಬೇಡಿಕೆ. ಬರುವ ಬುಧವಾರ ಮೊಟ್ಟೆಯ ದಿನ, ಅಕ್ಕಿಯ ಲಾರಿಯೂ ಅಂದೇ ಬರುತ್ತದೆ. ಬೆಳಿಗ್ಗೆ ಹಾಸ್ಟೆಲಿಗೆ ಬನ್ನಿ. ಎಂಬತ್ತಾರು ಮೊಟ್ಟೆಗಳನ್ನು ತಾವೇ ಎಣಿಸಿ. ಆಮೇಲೆ ಗೇಟಿನಲ್ಲಿರುವ ಒಂದು ಚೀಲವನ್ನು, ಒಂದೇ ಒಂದನ್ನು, ಮಹಡಿಗೆ ಹೊತ್ತು ತನ್ನಿ. ಮೇಲೆ ಮುಟ್ಟಿದ ಮೇಲೂ ಈ ದೇಹ ಮಕ್ಕಳ ಮೊಟ್ಟೆಯಿಂದ ಬಂದದ್ದು ಎನ್ನಿಸಿದರೆ ನನ್ನನ್ನು ಕೆಲಸದಿಂದ ತೆಗೆಯಿರಿ. ಎನ್ನಿಸದಿದ್ದರೆ ಅಲ್ಲೇ ರಜೆಗೆ ಸಹಿ ಹಾಕಿ, ಪೆನ್ನು ನಾನು ಕೊಡುತ್ತೇನೆ. ಬರಲಾಗದಿದ್ದರೂ ಚಿಂತೆಯಿಲ್ಲ. ಭಾನುವಾರ ನಾನಂತೂ ದಾವಣಗೆರೆಯಲ್ಲಿ ಇರುತ್ತೇನೆ. ಸೋಮವಾರ ನಾನಿಲ್ಲದ ಅಡುಗೆಮನೆಯಲ್ಲಿ ಕೊಪ್ಪರಿಗೆ ಇಳಿಸಲು ತಾವು ದಯವಿಟ್ಟು ಹೊಂದಿಸಿಕೊಂಡು ಹೋಗಿ.

ಇಂತಿ,
ದಿನಕ್ಕೆ ಹನ್ನೆರಡು ಮೊಟ್ಟೆ ತಿನ್ನುವುದಾಗಿ ತಾನೇ ಒಪ್ಪಿಕೊಂಡ ಹುಂಬ ಹೆಂಗಸು,
ಅನ್ನಮ್ಮ
ಅಡುಗೆಯವಳು, ಖಾಲಿ ಹುದ್ದೆ ಭರ್ತಿಯಾಗುವವರೆಗೆ ಹಮಾಲಿಯೂ