ಸಲೂನಿನಲ್ಲಿ ಹುಟ್ಟಿದ ಮಾತ್ರೆ

ಅಂಗಡಿ ಹಿಂದಿನ ಮನೆ,
ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ, ಇಲ್ಲ ಲ್ಯಾಬಿನಲ್ಲಿ ನಿಂತುಕೊಂಡೇ ಬಿಸ್ಕತ್ತು ತಿಂದು ದಿನ ದೂಡುತ್ತಿದ್ದೀಯ? ನನ್ನ ಮಂಡಿನೋವು ಹಾಗೇ ಇದೆ. ಅಪ್ಪ ಚೆನ್ನಾಗಿದ್ದಾರೆ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಚೆನ್ನಾಗಿದ್ದಾರೆ. ಫೋನ್ ಇರುವಾಗ ಅಮ್ಮ ಕಾಗದ ಯಾಕೆ ಬರೆಯುತ್ತಾಳೆ ಎಂದು ನಗಬೇಡ. ಫೋನ್ ಹಿಡಿದರೆ ಎರಡನೇ ಮಾತಿಗೇ ಅವರು ಕಿತ್ತುಕೊಳ್ಳುತ್ತಾರೆ, ಇವತ್ತು ಹೇಳಬೇಕಾದದ್ದು ಅವರ ವಿಷಯವೇ.

ನಿನ್ನ ಸಂಶೋಧನೆ ಅಚ್ಚಾದದ್ದೇ ತಡ, ಅಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಸಲೂನಿಗೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿ, ಕತ್ತರಿ ಹಿಡಿದ ಮೇಲೆ ಪಾಪ, ಅವರಾದರೂ ಎಲ್ಲಿಗೆ ಓಡಬೇಕು? “ನಮ್ಮ ಹುಡುಗಿ ಚರ್ಮದ ಕ್ಯಾನ್ಸರಿಗೆ ಮಾತ್ರೆ ಕಂಡುಹಿಡಿದಿದ್ದಾಳೆ” ಎಂದು ಶುರುವಾಗುತ್ತದೆ. ಗಡ್ಡಕ್ಕೆ ಬಂದವರಿಗೆ ಚುಟುಕಾಗಿ, ತಲೆಗೆ ಬಣ್ಣ ಹಾಕಿಸಿಕೊಳ್ಳುವವರಿಗೆ ಸವಿಸ್ತಾರವಾಗಿ. ಸುಳ್ಳು ಯಾಕೆ ಹೇಳಲಿ, ಪರದೆಯ ಹಿಂದೆ ನಿಂತು ಕೇಳುತ್ತಾ ನಾನೂ ಹಿಗ್ಗಿದ್ದೇನೆ.

ಈಗ ಆದದ್ದು ಕೇಳು. ನಿನ್ನನ್ನು ನೀರಿಗೆ ತಳ್ಳಿ ಈಜು ಕಲಿಸಿದ ಮೇಷ್ಟ್ರ ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ ಎದ್ದಿತ್ತು. ಎಲ್ಲೋ ಕಲ್ಲು ಒತ್ತಿರಬೇಕು ಎಂದುಕೊಂಡು ಸುಮ್ಮನಿದ್ದರಂತೆ. ಅದು ಅಗಲವಾಗುತ್ತಾ ಹೋದ ಮೇಲೆ ಆಸ್ಪತ್ರೆಗೆ ಹೋದರು. ಚೂರು ತೆಗೆದು ಪರೀಕ್ಷೆ ಮಾಡಿದ ಡಾಕ್ಟರು, ಇದು ಚರ್ಮದ ಕ್ಯಾನ್ಸರ್, ಪುಣ್ಯಕ್ಕೆ ಇನ್ನೂ ಹರಡಿಲ್ಲ, ತಡಮಾಡದೆ ಕತ್ತರಿಸಿ ತೆಗೆಯಬೇಕು ಎಂದಿದ್ದಾರೆ. ಹಿಮ್ಮಡಿಯ ಒಂದಷ್ಟು ಭಾಗ ಹೋಗುತ್ತದಂತೆ. ಮೇಷ್ಟ್ರು ಅದಕ್ಕೆ ಒಪ್ಪದೆ ನಿನ್ನೆ ನೆಟ್ಟಗೆ ಸಲೂನಿಗೆ ಬಂದರು. “ಕಾಲು ಕುಯ್ಸ್ಕೊಂಡು ಕೊಳದ ಸುತ್ತ ಕುಂಟ್ಕೊಂಡು ಓಡಾಡ್ಲಾ? ನಮ್ಮ ಹುಡುಗಿ ಮಾತ್ರೆ ಬರೋವರೆಗೂ ಕಾಯ್ತೀನಿ” ಎಂದರು. ಗಿರಾಕಿಯ ಗಡ್ಡ ಹೆರೆಯುತ್ತಿದ್ದ ಅಪ್ಪನ ಕೈ ಅಲ್ಲೇ ನಿಂತಿತು.

ಹೋದ ಸಲ ನೀನು ಬಂದಾಗ, ನಾನು ಹೋಟೆಲಿನಿಂದ ಇಸ್ತ್ರಿಗೆ ಬಂದ ಹೊದಿಕೆಗಳನ್ನು ಮಡಚುತ್ತಿದ್ದಾಗ, ಪಕ್ಕದಲ್ಲಿ ಕೂತು ಹೇಳಿದ್ದೆಯಲ್ಲ. “ಕ್ಯಾನ್ಸರ್ ತಡೆಯೋ ಕೆಲವು ಜೀನ್‌ಗಳು ಹಾಳಾಗಿರಲ್ಲ ಅಮ್ಮಾ, ಹೀಗೆ ಬಿಗಿಯಾಗಿ ಮಡಚ್ಕೊಂಡಿರ್ತವೆ. ಈ ಔಷಧ ಮಡಿಕೆ ಬಿಚ್ಚುತ್ತೆ. ಆಗ ಒಳಗಿರೋದು ಮತ್ತೆ ಕೆಲಸ ಶುರು ಮಾಡುತ್ತೆ, ಮೈಯ ಕಾವಲಿನವರಿಗೆ ಕಳ್ಳ ಯಾರು ಅಂತ ಗುರುತು ಸಿಗುತ್ತೆ.” ಎಷ್ಟು ಚೆಂದ ಹೇಳಿದೆ! ಆಗ ನಾನು, ಹಾಗಾದರೆ ಎಲ್ಲರಿಗೂ ವಾಸಿಯಾಗುತ್ತಾ ಎಂದು ಕೇಳಿದೆ. “ಇಲ್ಲಮ್ಮಾ. ನಾವಿನ್ನೂ ಗಾಜಿನ ತಟ್ಟೆಲಿರೋ ಜೀವಕೋಶದ ಮೇಲೆ ನೋಡ್ತಿದ್ದೀವಿ. ಬೇರೆ ಕಡೆ, ಕ್ಯಾನ್ಸರ್ ಹರಡಿದ ಕೆಲವರಿಗೆ ಇನ್ನೊಂದು ಔಷಧದ ಜೊತೆ ಕೊಟ್ಟು ಪರೀಕ್ಷೆ ಮಾಡ್ತಿದ್ದಾರೆ. ಕೆಲವರಿಗೆ ಗಡ್ಡೆ ಕುಗ್ಗುತ್ತೆ, ಕೆಲವರಿಗೆ ಇಲ್ಲ. ಯಾಕೆ ಅಂತ ನಮಗಿನ್ನೂ ಗೊತ್ತಿಲ್ಲ” ಎಂದೆ.

ನಿನ್ನೆ ಅದೆಲ್ಲ ನೆನಪಾಗಿ ನಾನು ಪರದೆ ಸರಿಸಿ ಹೊರಗೆ ಹೋಗಿ, ಮುಖಕ್ಕೆ ನೊರೆ ಹಚ್ಚಿಕೊಂಡು ಕೂತಿದ್ದ ಗಿರಾಕಿಯ ಎದುರಿಗೇ ಇಷ್ಟನ್ನೂ ಮೇಷ್ಟ್ರಿಗೆ ಹೇಳಿದೆ. ನಿಮ್ಮದು ಹರಡಿಲ್ಲ, ಕತ್ತರಿಸಿದರೆ ಹೋಗುತ್ತದೆ, ಇನ್ನೂ ಬಾರದ ಮಾತ್ರೆಗೆ ಕಾಯುತ್ತಾ ಕೂತರೆ ಅದು ಹರಡುತ್ತದೆ ಎಂದೆ. ಮೇಷ್ಟ್ರು ಎದ್ದು ಹೋದರು. ಅಪ್ಪ ಊಟಕ್ಕೆ ಕೂತಾಗ ನನ್ನ ಮುಖ ನೋಡಲಿಲ್ಲ. ಅಂಗಡಿಯಲ್ಲಿ ಮಗಳ ಮರ್ಯಾದೆ ತೆಗೆದೆ ಎಂದು ಗೊಣಗಿದರು. ನನಗೆ ಹಾಗನ್ನಿಸಲಿಲ್ಲ ಪುಟ್ಟೀ. ಇಷ್ಟು ವರ್ಷ ಕಣ್ಣು ಕಿತ್ತುಬರುವಂತೆ ಓದಿ, ದುಡಿದು, ಕೊನೆಗೆ ಅಮ್ಮನ ಹತ್ತಿರವೂ ಬಡಾಯಿ ಕೊಚ್ಚದೆ “ಗೊತ್ತಿಲ್ಲ” ಎಂದೆಯಲ್ಲ, ಆ ಮಾತು ನನಗೆ ಅಚ್ಚಾದ ನಿನ್ನ ಹೆಸರಿಗಿಂತ ದೊಡ್ಡದು. ನಿನ್ನಂಥ ಮಗಳನ್ನು ಹೆತ್ತೆ ಎಂದು ನಿನ್ನೆಯಿಂದ ಬೀಗುತ್ತಿದ್ದೇನೆ.

ಇವತ್ತು ಅಪ್ಪ ಯಾರೂ ಹೇಳದೆಯೇ ಅಂಗಡಿಗೆ ಬೀಗ ಹಾಕಿ ಮೇಷ್ಟ್ರ ಮನೆಗೆ ಹೋಗಿದ್ದಾರೆ. ಇನ್ನೂ ಬಂದಿಲ್ಲ.

ಮೈ ಕಡೆ ನಿಗಾ ಇರಲಿ. ನೀನು ಹಿಡಿದ ಕೆಲಸ ಕೈಗೂಡಲಿ, ಎಷ್ಟೋ ಮನೆಗಳು ನಿನ್ನನ್ನು ಹರಸಲಿ.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಇಬ್ಬರೂ ಒಟ್ಟಿಗೆ ಬಂದರು. ಮೇಷ್ಟ್ರು ಒಪ್ಪಿದ್ದಾರೆ, ಸೋಮವಾರ ಬೆಳಿಗ್ಗೆ ಆಪರೇಷನ್. ಆದರೆ ಒಳಗೊಳಗೇ ನಡುಗುತ್ತಿದ್ದಾರೆ. “ಮಾತ್ರೆ ಬರದಿದ್ರೆ ಬೇಡ, ಹುಡುಗಿ ಬರ್ಲಿ. ಅವಳು ಬಾಗಿಲ ಹೊರಗೆ ನಿಂತಿದ್ರೆ ನಾನು ಒಳಗೆ ಮಲಗ್ತೀನಿ” ಎಂದರು. ನಿನ್ನನ್ನು ಒಂದು ಮಾತೂ ಕೇಳದೆ, ಬಂದೇ ಬರುತ್ತಾಳೆ ಎಂದುಬಿಟ್ಟೆ. ಫೋನಿನಲ್ಲಿ ಕೇಳಿದ್ದರೆ ನೀನು ಕೆಲಸ ಇದೆ ಎನ್ನುತ್ತಿದ್ದೆ. ಹೊರಟು ಬಾ.